ನಾಲ್ಕು ಚಕ್ರ, ಒಂಬತ್ತು ವಾರ

ನಮ್ಮ ಮನೆಯವರು ಹಲ್ಲಿನ ಡಾಕ್ಟರು. ಹಲ್ಲಿನ ಡಾಕ್ಟರ ಜೊತೆ ಇಪ್ಪತ್ತೊಂದು ವರ್ಷ ಸಂಸಾರ ಮಾಡಿದವಳಾಗಿ ಒಂದು ಮಾತು ಹೇಳಬಲ್ಲೆ. ಎಲ್ಲಾದರೂ ಕೊಳೆ ಕಚ್ಚಿಕೊಂಡಿರುವುದು ಕಂಡರೆ ಇವರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ನಲ್ಲಿಯ ಬುಡದಲ್ಲಿ ಕಟ್ಟಿದ ಬಿಳಿ ಪದರ, ಇಸ್ತ್ರಿ ಪೆಟ್ಟಿಗೆಯ ಅಡಿಗೆ ಹತ್ತಿದ ಕರಿ, ಕಿಟಕಿ ಸರಳಿನ ಸಂದಿಯ ಜಿಡ್ಡು, ಎಲ್ಲವನ್ನೂ ಕೆರೆದು ತೆಗೆದು, ಬೆರಳಲ್ಲಿ ಸವರಿ ನೋಡಿ, ಆಮೇಲೆ ಊಟಕ್ಕೆ ಬರುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ನಕ್ಕಾಗ ಇವರು ನನ್ನ ಕಣ್ಣು ನೋಡುತ್ತಿದ್ದಾರೋ ಹಲ್ಲು ನೋಡುತ್ತಿದ್ದಾರೋ ಎಂದು ಅನುಮಾನವಿತ್ತು. ಈಗ ಅನುಮಾನವಿಲ್ಲ. ಹಲ್ಲೇ.

ಇವರಿಗೆ ಒಬ್ಬಳೇ ಅಕ್ಕ. ನನಗೆ ಅತ್ತಿಗೆ. ಸರ್ವೆ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ ಅವರದು. ಐವತ್ತೊಂದು ವಯಸ್ಸು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಮಹಡಿ ಮೇಲಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಪುರುಸೊತ್ತಾಗಲಿಲ್ಲ ಅನ್ನುತ್ತಾರೆ. ತಮಾಷೆಗೆ ಹೇಳುವುದಾದರೂ ಅದು ನಿಜವೇ. ಇವರಿಗೆ ಒಂಬತ್ತು ವರ್ಷ ಇರುವಾಗ ನಮ್ಮತ್ತೆ ತೀರಿಕೊಂಡರಂತೆ. ಆಗ ಅತ್ತಿಗೆಗೆ ಹದಿನಾಲ್ಕು. ಆವತ್ತಿನಿಂದ ತಮ್ಮನ ಊಟದ ಡಬ್ಬಿ, ತಮ್ಮನ ಅಂಗಿಯ ಗುಂಡಿ, ತಮ್ಮನ ಪರೀಕ್ಷೆ, ಆಮೇಲೆ ಕಾಯಿಲೆ ಬಿದ್ದ ಅಪ್ಪನ ಔಷಧಿ, ಎಲ್ಲ ಅವರ ತಲೆ ಮೇಲೆ ಬಿತ್ತು. ಎಲ್ಲ ಮುಗಿಸಿ ತಲೆ ಎತ್ತಿ ನೋಡುವಷ್ಟರಲ್ಲಿ ನಲವತ್ತು ದಾಟಿತ್ತು.

ಹಾಗಾಗಿ ಅಕ್ಕನಿಗೆ ಏನಾದರೂ ಮಾಡಬೇಕು ಅನ್ನುವುದು ಇವರಿಗೆ ಬಹಳ ಹಳೆಯ ಆಸೆ. ಆದರೆ ಅತ್ತಿಗೆ ಏನನ್ನೂ ತೆಗೆದುಕೊಳ್ಳುವವರಲ್ಲ. ಒಂದು ಸಲ ಇವರು ಹೊಸ ಫ್ರಿಜ್ಜು ಕಳಿಸಿದರು, ಅದು ಮಹಡಿ ಹತ್ತದೆ ವಾಪಸ್ಸು ಬಂತು. ಒಂದು ಸಲ ಊರು ಸುತ್ತಿಸುತ್ತೇನೆ ಬಾ ಎಂದರು. ನಕ್ಷೆಯಲ್ಲಿ ದಿನಾ ಸುತ್ತುತ್ತಾ ಇರುತ್ತೀನಿ ಬಿಡೋ ಎಂದು ಉತ್ತರ ಬಂತು. ಹೋಗಲಿ, ತಮ್ಮ ಹಲ್ಲಿನ ಡಾಕ್ಟರು, ಒಂದು ಹಲ್ಲಾದರೂ ಹುಳುಕಾಗಬಾರದೇ? ಅದೂ ಇಲ್ಲ. ಆ ಬಾಯಿಯೊಳಗೆ ಇವರಿಗೆ ಇವತ್ತಿನವರೆಗೆ ಒಂದು ಕೆಲಸ ಸಿಕ್ಕಿಲ್ಲ.

ಪರಿಸ್ಥಿತಿ ಹೀಗಿರುವಾಗ ಒಂದು ಶನಿವಾರ ಸಂಜೆ ಅತ್ತಿಗೆ ನಮ್ಮ ಮನೆಗೆ ಬಂದರು. ಕಾರಿನಿಂದ ಇಳಿಯುತ್ತಾ ಮುಂದಿನ ಚಕ್ರದ ಕಡೆ ನೋಡಿ, "ಇದು ನೋಡೋ ಪುಟ್ಟಾ, ಚರ್ಮರೋಗ ಬಂದ ಹಾಗಾಗಿದೆ" ಅಂದರು. ಅಷ್ಟೇ. ಅಂದು, ಒಳಗೆ ಬಂದು ಕಾಫಿ ಕುಡಿದು, ಬೇರೆ ಏನೋ ಮಾತಾಡಿದರು.

ಇವರು ಮಾತ್ರ ಒಳಗೆ ಬರಲೇ ಇಲ್ಲ. ನಾನು ಹೊರಗೆ ಹೋಗಿ ನೋಡಿದರೆ ನಲವತ್ತಾರು ವರ್ಷದ ಗಂಡಸು ನೆಲದ ಮೇಲೆ ಮಂಡಿಯೂರಿ, ಬಾಯೊಳಗೆ ಹಿಡಿದು ನೋಡುವ ಪುಟ್ಟ ಕನ್ನಡಿಯನ್ನು ಚಕ್ರದ ಕಡ್ಡಿಗಳ ಹಿಂದೆ ತೂರಿಸಿ ನೋಡುತ್ತಿದ್ದಾರೆ. ಅಲ್ಯುಮಿನಿಯಂ ಚಕ್ರ ಅದು. ಬಣ್ಣದ ಮೇಲೆ ಹೊಳಪಿಗೆಂದು ಬಳಿದಿದ್ದ ಕ್ಲಿಯರ್ ಕೋಟ್ ಅಲ್ಲಲ್ಲಿ ಹಳದಿಯಾಗಿ, ಹಾಲಿನ ಕೆನೆಯ ಹಾಗೆ ಎದ್ದುಬಿಟ್ಟಿತ್ತು. ಅದರ ಕೆಳಗೆ ನೀರು ನುಗ್ಗಿ, ಹುಳು ಹರಿದಾಡಿದಂಥ ಬಿಳಿ ಗೀರುಗಳು. ಬೆಳ್ಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಇವರ ಮುಖದಲ್ಲಿ ನಾನು ಮದುವೆಯ ದಿನವೂ ನೋಡದ ಸಂತೋಷವಿತ್ತು. ಕಡೆಗೂ ಅಕ್ಕನ ಹತ್ತಿರ ಒಂದು ಹುಳುಕು ಸಿಕ್ಕಿತ್ತು.

ಅಂಗಡಿಗೆ ಕೊಟ್ಟರೆ ಮಾಡಿಕೊಡುತ್ತಾರೆ ಅಂತ ಅತ್ತಿಗೆ ಹೇಳಿದರು. ನಾನೂ ಹೇಳಿದೆ. ಇವರು ಕೇಳಲಿಲ್ಲ. ಹಳೇ ಬಣ್ಣ ಪೂರ್ತಿ ತೆಗೆದು, ಹೊಸದು ಹಚ್ಚಿ, ಎರಡೇ ಭಾನುವಾರದಲ್ಲಿ ಕೊಡುತ್ತೇನೆ ಎಂದು ಮಾತು ಕೊಟ್ಟರು. ಒಂದೊಂದೇ ಚಕ್ರ ಬಿಚ್ಚಿ ಮಾಡಿದರೆ ಕಾರು ಓಡಾಡಿಕೊಂಡಿರುತ್ತಿತ್ತು. ಆದರೆ ಉತ್ಸಾಹ ಬಂದಾಗ ಇವರಿಗೆ ಬುದ್ಧಿ ಸ್ವಲ್ಪ ಹಿಂದೆ ಉಳಿದುಬಿಡುತ್ತದೆ. ಮಾರನೇ ದಿನವೇ ನಾಲ್ಕೂ ಬಿಚ್ಚಿದರು. ಕಾರು ನಮ್ಮ ಮನೆ ಪಕ್ಕದ ಶೆಡ್ಡಿನಲ್ಲಿ ನಾಲ್ಕು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಚಪ್ಪಲಿ ಕಳೆದುಕೊಂಡವರ ಹಾಗೆ ಕೂತಿತು.

ಈಗ ಅತ್ತಿಗೆ ಕಚೇರಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ಬಂತು. ಸರ್ವೆ ಕಚೇರಿ ಊರಿನ ಆ ಕೊನೆಯಲ್ಲಿದೆ. ಎರಡು ಬಸ್ಸು ಬದಲಾಯಿಸಬೇಕು. ಇವರ ಕ್ಲಿನಿಕ್ಕು ಪೂರಾ ಉಲ್ಟಾ ದಿಕ್ಕು. ಅದಕ್ಕೂ ಇವರೇ ದಾರಿ ಕಂಡುಹಿಡಿದರು. ಇವರ ಕ್ಲಿನಿಕ್ಕು ಇರುವ ಕಟ್ಟಡದಲ್ಲೇ, ಕೆಳಗಡೆ, ಒಂದು ಕನ್ನಡಕದ ಅಂಗಡಿ ಇದೆ. ಅದರ ಮಾಲೀಕರನ್ನು ನಾವೆಲ್ಲ ಕನ್ನಡಕದವರು ಎಂದೇ ಕರೆಯುವುದು. ಐವತ್ನಾಲ್ಕು ವಯಸ್ಸು, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಾತು ಬಹಳ ಕಡಿಮೆ. ಎದುರಿಗಿರುವವರ ಕನ್ನಡಕ ಮಸುಕಾಗಿದ್ದರೆ ಮಾತ್ರ, ಒಂದು ನಿಮಿಷ ಕೊಡಿ ಎಂದು ಕೈ ಚಾಚಿ ಇಸಿದುಕೊಂಡು, ಒರೆಸಿ, ಬೆಳಕಿಗೆ ಹಿಡಿದು ನೋಡಿ ವಾಪಸ್ಸು ಕೊಡುತ್ತಾರೆ. ಒರೆಸಿದ ಮೇಲೇ ಮಾತು. ಅವರು ಆ ವರ್ಷ ಸರ್ವೆ ಕಚೇರಿಯ ಹತ್ತಿರ ಇನ್ನೊಂದು ಅಂಗಡಿ ತೆರೆದಿದ್ದರು. ದಿನಾ ಬೆಳಿಗ್ಗೆ ಫ್ರೇಮುಗಳ ಡಬ್ಬ ತುಂಬಿದ ಸಣ್ಣ ವ್ಯಾನಿನಲ್ಲಿ ಆ ಕಡೆಯೇ ಹೋಗುವುದು.

ಇವರೇ ಹೋಗಿ ಕೇಳಿಕೊಂಡರು. ಎರಡೇ ವಾರ, ನಮ್ಮಕ್ಕನ್ನ ಸ್ವಲ್ಪ ಬಿಟ್ಟುಬಿಡಿ, ತೊಂದರೆಯಾಗದಿದ್ದರೆ, ಅಂತ. ಕನ್ನಡಕದವರು ತಲೆಯಾಡಿಸಿದರಂತೆ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮುಂದೆ ಏನೇನಾಯಿತೋ ಅದಕ್ಕೆಲ್ಲ ಬಾಗಿಲು ತೆಗೆದುಕೊಟ್ಟವರು ಇವರೇ, ತಮ್ಮ ಕೈಯಾರೆ.

ಕೆಲಸ ಶುರುವಾಯಿತು. ಟೈರ್ ಅಂಗಡಿಗೆ ಚಕ್ರ ಹೊತ್ತುಕೊಂಡು ಹೋಗಿ ಟೈರು ಬಿಚ್ಚಿಸಿ ತಂದರು. ಸೋಪಿನ ನೀರಲ್ಲಿ ತಿಕ್ಕಿ ತಿಕ್ಕಿ ಬ್ರೇಕಿನ ಕರಿ ಪುಡಿ ತೆಗೆದರು. ಬಣ್ಣ ಕರಗಿಸುವ ಔಷಧಿ ತಂದರು. ಗಂಜಿಯಷ್ಟು ಗಟ್ಟಿ, ಮೂಗಿಗೆ ಬಡಿದರೆ ತಲೆ ತಿರುಗುವ ವಾಸನೆ. ಶೆಡ್ಡಿನ ಬಾಗಿಲು ಪೂರ್ತಿ ತೆಗೆದಿಟ್ಟು, ದಪ್ಪ ಗ್ಲೌಸು, ಕಣ್ಣಿಗೆ ಕವಚ, ಕ್ಲಿನಿಕ್ಕಿನ ಏಪ್ರನ್ ಎಲ್ಲ ಹಾಕಿಕೊಂಡು ಬ್ರಷ್ಷಿನಲ್ಲಿ ಅದನ್ನು ಚಕ್ರಕ್ಕೆ ಹಚ್ಚಿ, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತರು. ಇಪ್ಪತ್ತು ನಿಮಿಷ ಕಾಯಬೇಕಂತೆ. ಇಪ್ಪತ್ತು ಆಯಿತು, ನಲವತ್ತು ಆಯಿತು, ಔಷಧಿ ಒಣಗಿತೇ ವಿನಾ ಬಣ್ಣ ಜಗ್ಗಲಿಲ್ಲ. ನಾನು ಬಾಗಿಲಲ್ಲಿ ನಿಂತು, ಅರಿವಳಿಕೆ ಇನ್ನೂ ಹತ್ತಿಲ್ಲವೇನೋ ಡಾಕ್ಟರೇ, ಇನ್ನೊಂದು ಇಂಜೆಕ್ಷನ್ ಕೊಡಿ ಎಂದೆ. ಇವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಪಾಠ ಹೇಳಿಕೊಟ್ಟವರು ಟೈರ್ ಅಂಗಡಿಯಾಕೆ. ತೋಳು ಮಡಚಿದ ಅಂಗಿ, ಬಾಯಲ್ಲಿ ಎರಡು ನಟ್ಟು ಕಚ್ಚಿಕೊಂಡೇ ಮಾತಾಡುವ ಹೆಂಗಸು. ಹೊಳೆಯುವ ಕ್ಲಿಯರ್ ಕೋಟಿನ ಮೇಲೆ ಸುಮ್ಮನೆ ಹಚ್ಚಿದರೆ ಔಷಧಿ ಒಳಗೆ ಇಳಿಯುವುದಾದರೂ ಹೇಗೆ ಅಂತ ಆಕೆ ಕೇಳಿದರಂತೆ. ಮೊದಲು ಒರಟು ಉಜ್ಜುಕಾಗದದಲ್ಲಿ ಹೊಳಪು ಸಾಯುವ ತನಕ ಉಜ್ಜಬೇಕು, ಆಮೇಲೆ ಔಷಧಿಯನ್ನು ಸವರುವುದಲ್ಲ, ಮೆತ್ತಬೇಕು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಗಾಳಿ ಆಡದ ಹಾಗೆ ಬಿಡಬೇಕು. ಕಬ್ಬಿಣದಲ್ಲಿ ಕೆರೆಯಬೇಡಿ, ಅಲ್ಯುಮಿನಿಯಂ ಮೆತ್ತಗೆ, ಗೀರು ಬಿದ್ದರೆ ಆಮೇಲೆ ನನ್ನ ಹತ್ತಿರ ಅಳುತ್ತಾ ಬರಬೇಡಿ ಅಂತಲೂ ಹೇಳಿ ಕಳಿಸಿದರು. ಇಪ್ಪತ್ತೊಂದು ವರ್ಷದಲ್ಲಿ ಇವರು ಯಾರ ಮಾತನ್ನೂ ಇಷ್ಟು ಶ್ರದ್ಧೆಯಿಂದ ಕೇಳಿಕೊಂಡು ಬಂದಿದ್ದನ್ನು ನಾನು ನೋಡಿರಲಿಲ್ಲ.

ಈ ಸಲ ಹಾಳೆಯ ಕೆಳಗೆ ಬಣ್ಣ ಸುಕ್ಕುಗಟ್ಟಿತು. ಗುಳ್ಳೆ ಎದ್ದಿತು. ಪ್ಲಾಸ್ಟಿಕ್ ಪಟ್ಟಿಯಲ್ಲಿ ನೂಕಿದರೆ ಬೆಳ್ಳಿ ಬಣ್ಣ ಮುದ್ದೆ ಮುದ್ದೆಯಾಗಿ ಬಂತು. ಇವರು ಅಡಿಗೆಮನೆಗೆ ಓಡಿ ಬಂದು ನನ್ನ ಕೈ ಹಿಡಿದೆಳೆದುಕೊಂಡು ಹೋಗಿ ತೋರಿಸಿದರು. ನೋಡಿದೆ. ಚೆನ್ನಾಗಿದೆ ಅಂದೆ. ಬೆಳ್ಳಿಯ ಕೆಳಗೆ ಬೂದು, ಬೂದಿನ ಕೆಳಗೆ, ಅತ್ತಿಗೆಗಿಂತ ಮೊದಲು ಆ ಕಾರು ಇಟ್ಟುಕೊಂಡಿದ್ದ ಯಾರೋ ಪುಣ್ಯಾತ್ಮರು ಬಳಿದ ಗಾಢ ನೀಲಿ. ಒಂದೊಂದು ಪದರಕ್ಕೂ ಮತ್ತೆ ಔಷಧಿ, ಮತ್ತೆ ಹಾಳೆ, ಮತ್ತೆ ಕಾಯುವುದು. ನಟ್ಟು ಕೂರುವ ಗುಂಡಿಗಳ ಸುತ್ತ, ಕಡ್ಡಿಗಳು ಕೂಡುವ ಮೂಲೆಗಳಲ್ಲಿ ಪ್ಲಾಸ್ಟಿಕ್ ಪಟ್ಟಿ ಹೋಗುವುದಿಲ್ಲ. ಅಲ್ಲಿಗೆ ಮೃದುವಾದ ಹಿತ್ತಾಳೆ ಬ್ರಷ್ಷು, ಅದೂ ಹೋಗದ ಕಡೆ ಮರದ ಹಲ್ಲುಕಡ್ಡಿ. ಎರಡು ಭಾನುವಾರ ಕಳೆಯಿತು. ಒಂದು ಚಕ್ರ ಬೆತ್ತಲಾಗಿತ್ತು.

ಅತ್ತಿಗೆ ನೋಡಲು ಬಂದರು. ಕಚೇರಿಯಲ್ಲಿ ಕೂದಲೆಳೆಯಂಥ ಗೆರೆ ಎಳೆಯುವ ಕಣ್ಣು ಅವರದು. ಚಕ್ರವನ್ನು ಒಂದು ಸುತ್ತು ತಿರುಗಿಸಿ, ಬಗ್ಗಿ ನೋಡಿ, ಒಂದು ಕಡ್ಡಿಯ ಹಿಂದೆ ಉಗುರಿನಷ್ಟು ನೀಲಿ ಉಳಿದಿರುವುದನ್ನು ತೋರಿಸಿದರು. ಇವರು ತಲೆ ಬಗ್ಗಿಸಿ ಒಪ್ಪಿಕೊಂಡರು. ನಿಜವಾಗಿ ಉಳಿದಿತ್ತು. ಮುಂದಿನ ಭಾನುವಾರ ಇನ್ನೊಂದು ಕಡೆ ತೋರಿಸಿದರು. ಅಲ್ಲೂ ಇತ್ತು, ಸಾಸಿವೆ ಕಾಳಿನಷ್ಟು. ನಾಲ್ಕನೇ ಭಾನುವಾರ ಹೊಸ ಕನ್ನಡಕ ಹಾಕಿಕೊಂಡು ಬಂದರು. ತೆಳು ಕಂದು ಫ್ರೇಮು, ಮುಖಕ್ಕೆ ಚೆನ್ನಾಗಿ ಒಪ್ಪಿತ್ತು. ಇದನ್ನ ಹಾಕಿಕೊಂಡ ಮೇಲೆ ಎಲ್ಲಾ ನಿಚ್ಚಳ ಕಾಣ್ತಿದೆ ಎಂದು ಹೇಳಿ, ಎರಡನೇ ಚಕ್ರದಲ್ಲಿ ಐದು ಜಾಗ ತೋರಿಸಿದರು.

ಇವರು ಪಾಪ, ಸಂಜೆ ಕ್ಲಿನಿಕ್ಕು ಮುಗಿಸಿ ಬಂದು ಬಟ್ಟೆ ಬದಲಿಸಿ ನೇರ ಶೆಡ್ಡಿಗೆ. ಔಷಧಿಯ ಒಂದು ಹನಿ ಗ್ಲೌಸಿನ ಒಳಗೆ ಇಳಿದು ಮಣಿಕಟ್ಟಿನ ಮೇಲೆ ಕೆಂಪು ಬೊಬ್ಬೆ ಎಬ್ಬಿಸಿತು. ಕೆರೆದ ಬಣ್ಣವನ್ನೆಲ್ಲ ಚರಂಡಿಗೆ ಬಿಡದೆ ಹಳೇ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ ಸಾಲಾಗಿ ಇಟ್ಟರು. ನಮ್ಮ ಶೆಡ್ಡು ಉಪ್ಪಿನಕಾಯಿ ಕಾರ್ಖಾನೆಯ ಹಾಗೆ ಕಾಣತೊಡಗಿತು.

ನನಗೆ ಅನುಮಾನ ಬಂದಿದ್ದು ಐದನೇ ಭಾನುವಾರ. ಅತ್ತಿಗೆ ಮೂರನೇ ಚಕ್ರದ ಒಳಬದಿಯಲ್ಲಿ ಬೆರಳಿಟ್ಟು, ಇಲ್ಲಿ ಏನೋ ಕಪ್ಪಗಿದೆಯಲ್ಲೋ ಅಂದರು. ಇವರು ಕನ್ನಡಿ ಹಿಡಿದುಕೊಂಡು ಬಗ್ಗಿದರು. ನಾನೂ ಬಗ್ಗಿ ನೋಡಿದೆ. ಅಲ್ಲಿದ್ದದ್ದು ಅತ್ತಿಗೆಯ ಬೆರಳಿನ ನೆರಳು. ನಾನು ತಲೆ ಎತ್ತಿ ಅತ್ತಿಗೆಯ ಮುಖ ನೋಡಿದೆ. ಅತ್ತಿಗೆ ನನ್ನ ಮುಖ ನೋಡಿದರು. ನೋಡಿ, ಕಾಫಿ ಏನಾದರೂ ಇದೆಯೇನೇ ಎಂದು ಕೇಳಿದರು.

ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಈ ಹೆಂಗಸು ಹನ್ನೊಂದು ವರ್ಷ ಆ ಕಾರು ಓಡಿಸಿದ್ದಾರೆ. ವರ್ಷಕ್ಕೆ ಎರಡು ಸಲ ತೊಳೆದಿದ್ದರೆ ಹೆಚ್ಚು. ಹಿಂದಿನ ಬಾಗಿಲಿಗೆ ಕಂಬ ತಾಗಿ ಬಿದ್ದ ತಗ್ಗು ನಾಲ್ಕು ವರ್ಷದಿಂದ ಹಾಗೇ ಇದೆ. ಅಂಥವರಿಗೆ ಚಕ್ರದ ಒಳಬದಿಯ ಮೇಲೆ ಇದ್ದಕ್ಕಿದ್ದ ಹಾಗೆ ಇಷ್ಟು ಅಕ್ಕರೆ ಎಲ್ಲಿಂದ ಬಂತು?

ಅಡಿಗೆಮನೆಯಲ್ಲಿ ಕಾಫಿ ಸೋಸುತ್ತಾ, ನಾನು ತಿರುಗಿ ನೋಡದೆಯೇ, ಕನ್ನಡಕದವರು ಹೇಗಿದ್ದಾರೆ ಅತ್ತಿಗೆ ಅಂತ ಕೇಳಿದೆ. ತಿರುಗಿದರೆ ಐವತ್ತೊಂದು ವರ್ಷದ ನಮ್ಮತ್ತಿಗೆ ಸೆರಗಿನ ತುದಿ ಹಿಡಿದುಕೊಂಡು, ಇಲ್ಲದ ಕೊಳೆಯನ್ನು ಕನ್ನಡಕದಿಂದ ಒರೆಸುತ್ತಿದ್ದಾರೆ.

ಆಮೇಲೆ ಒಂದೊಂದಾಗಿ ಹೇಳಿದರು. ಮೊದಲ ವಾರ ಆ ಮನುಷ್ಯ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲವಂತೆ. ಮೂವತ್ತೈದು ನಿಮಿಷ ಡಬ್ಬಗಳು ಕಟಕಟ ಅನ್ನುವ ಸದ್ದು ಮಾತ್ರ. ಎರಡನೇ ವಾರ, ಸುಮ್ಮನಿರಲಾಗದೆ ಅತ್ತಿಗೆ ಊರಿನ ಏರು ತಗ್ಗು ಹೇಳತೊಡಗಿದರು. ಈ ಸಿಗ್ನಲ್ಲಿನಿಂದ ಆ ಸೇತುವೆಗೆ ಹದಿನೆಂಟು ಅಡಿ ಇಳಿಜಾರು, ಈ ಬೀದಿ ಹಿಂದೆ ಹಳ್ಳವಾಗಿತ್ತು, ಹೀಗೆ. ಮಾರನೇ ದಿನ ಅವರು, ನಿನ್ನೆ ಹೇಳಿದ ಹಳ್ಳ ಎಲ್ಲಿಗೆ ಹೋಗಿ ಸೇರುತ್ತಿತ್ತು ಎಂದು ಕೇಳಿದರು. ಮೂರನೇ ವಾರ ಅವರು ತಮ್ಮ ಹೆಂಡತಿಯ ವಿಷಯ ಮಾತಾಡಿದರು. ಇನ್ನೊಂದು ದಿನ ಅತ್ತಿಗೆಯ ಕನ್ನಡಕ ಇಸಿದುಕೊಂಡು ಒರೆಸಿ, ಬೆಳಕಿಗೆ ಹಿಡಿದು, ಈ ನಂಬರಿನಲ್ಲಿ ನೀವು ಇಷ್ಟು ವರ್ಷ ಏನನ್ನೂ ಸರಿಯಾಗಿ ನೋಡಿಯೇ ಇಲ್ಲ ಎಂದರಂತೆ. ಅದಾದ ಮೇಲೇ ಹೊಸ ಕನ್ನಡಕ.

"ಸರಿ ಅತ್ತಿಗೆ, ಅದಕ್ಕೆ ಆ ಚಕ್ರಗಳನ್ನ ಯಾಕೆ ಗೋಳು ಹೊಯ್ಕೋತೀರಿ?" ಎಂದೆ.

"ಕಾರು ರೆಡಿಯಾದ ಮೇಲೆ ಅವರ ವ್ಯಾನು ಹತ್ತೋಕೆ ಏನು ನೆಪ ಹೇಳಲೇ?" ಎಂದರು ಅತ್ತಿಗೆ. "ಇನ್ನೊಂದು ನಾಲ್ಕು ವಾರ ಹಿಡೀಲಿ ಬಿಡೇ. ಅವನಿಗೂ ಒಂದು ಕೆಲಸ."

ನಾನು ನಗಬಾರದಿತ್ತು. ನಕ್ಕೆ. ನಕ್ಕ ಮೇಲೆ ಪಾಲುದಾರಳೂ ಆದೆ. ಆ ವಾರ ನಾನೇ ಶೆಡ್ಡಿಗೆ ಹೋಗಿ, ಮುಂಬದಿ ಮಾತ್ರ ನುಣ್ಣಗೆ ಮಾಡಿದರೆ ಸಾಕೇ, ಒಳಗಿನ ಸುತ್ತು ಹಾಗೇ ಬಿಟ್ಟರೆ ಹೊಸ ಬಣ್ಣ ಅಲ್ಲಿಂದಲೇ ಏಳುವುದಿಲ್ಲವೇ ಎಂದು ಬಹಳ ತಿಳಿದವಳ ಹಾಗೆ ಕೇಳಿದೆ. ಇವರು ಹೌದಲ್ಲ ಅಂದು ನಾಲ್ಕೂ ಚಕ್ರದ ಒಳಸುತ್ತು ಮತ್ತೆ ಹಿಡಿದರು. ಅದರಲ್ಲಿ ಎರಡು ವಾರ ಹೋಯಿತು. ದಿನಾ ಬೆಳಿಗ್ಗೆ ಎಂಟೂವರೆಗೆ ವ್ಯಾನು ಬಂದು ಅತ್ತಿಗೆಯ ಮನೆ ಮುಂದೆ ನಿಲ್ಲುತ್ತಿತ್ತು. ಹಾರ್ನ್ ಹೊಡೆಯುವ ಮೊದಲೇ ಅತ್ತಿಗೆ ಕೆಳಗಿರುತ್ತಿದ್ದರು.

ಏಳನೇ ವಾರದ ಶನಿವಾರ ಮಧ್ಯಾಹ್ನ ನಾನು ಶೆಡ್ಡಿಗೆ ಟೀ ತೆಗೆದುಕೊಂಡು ಹೋದೆ. ಇವರು ಕೆಲಸ ಮಾಡುತ್ತಿರಲಿಲ್ಲ. ನಾಲ್ಕೂ ಚಕ್ರ ಗೋಡೆಗೆ ಒರಗಿಸಿ, ಅವುಗಳ ಎದುರಿಗೆ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದರು. ಬರಿಯ ಲೋಹ. ಉಜ್ಜುಕಾಗದದ ಸಣ್ಣ ಸಣ್ಣ ಗೆರೆಗಳು ಎಲ್ಲ ಒಂದೇ ದಿಕ್ಕಿಗೆ ಹರಿದಿದ್ದವು. ನನ್ನ ಕಣ್ಣಿಗೆ ಅದರಲ್ಲಿ ಎತ್ತಿ ತೋರಿಸಲು ಏನೂ ಇರಲಿಲ್ಲ. ಇವರ ಬೆರಳ ತುದಿಗಳು ಒಡೆದಿದ್ದವು, ಉಗುರಿನ ಅಂಚಿನಲ್ಲಿ ಬೂದು ಬಣ್ಣ ಇಳಿದಿತ್ತು.

ನನ್ನ ಕಡೆ ನೋಡದೆಯೇ ಮಾತಾಡಿದರು. ಚಿಕ್ಕವನಿದ್ದಾಗ ಅಕ್ಕ ನನ್ನ ಕಾಪಿ ಪುಸ್ತಕ ನೋಡಿ, ಅಕ್ಷರ ದುಂಡಗಿಲ್ಲ ಎಂದು ಪುಟ ಪೂರ್ತಿ ಮತ್ತೆ ಬರೆಸುತ್ತಿದ್ದಳು, ಮತ್ತೆ ಬರೆದರೂ ಒಂದು ಅಕ್ಷರಕ್ಕೆ ಸುತ್ತು ಹಾಕುತ್ತಿದ್ದಳು ಅಂದರು.

"ನಾನು ಮಾಡಿದ್ದು ಅವಳಿಗೆ ಯಾವತ್ತೂ ಸಾಲೋದಿಲ್ಲ ಕಣೇ," ಅಂದರು. ಕೋಪದಿಂದಲ್ಲ. ಗೊತ್ತಿದ್ದ ವಿಷಯ ಹೇಳುವ ಹಾಗೆ.

ನನ್ನ ಕೈಯಲ್ಲಿದ್ದ ಟೀ ಲೋಟ ಭಾರವಾಯಿತು. ಇಷ್ಟು ದಿನ ಅತ್ತಿಗೆ, ಆಮೇಲೆ ನಾನೂ ಸೇರಿ ಆಡಿದ್ದ ಆಟ, ಇಲ್ಲೊಬ್ಬರಿಗೆ ಈ ಥರ ಮುಟ್ಟುತ್ತಿದೆ ಎಂದು ನಮಗೆ ಹೊಳೆದೇ ಇರಲಿಲ್ಲ. ಆಗಲೇ ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂತು. ಆದರೆ ಅದು ಅತ್ತಿಗೆಯ ಗುಟ್ಟು. ನನ್ನ ಬಾಯಿಂದ ಹೋಗುವುದು ಸರಿಯಲ್ಲ. ಅವತ್ತೇ ಸಂಜೆ ಅವರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅತ್ತಿಗೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆ ಸುತ್ತು ಹಾಕಿದ್ದು ಅವನಿಗೆ ಇನ್ನೂ ನೆನಪಿದೆಯಾ ಎಂದಷ್ಟೇ ಕೇಳಿದರು. ಆಮೇಲೆ, ನಾಳೆಗೇ ಧೈರ್ಯ ಸಾಲದು, ಮುಂದಿನ ಭಾನುವಾರ ಎಲ್ಲಾ ಹೇಳಿಬಿಡುತ್ತೇನೆ ಅಂದರು.

ಆದರೆ ಆ ಭಾನುವಾರಕ್ಕೆ ಮೊದಲು ಗುರುವಾರ ಬಂತು. ಗುರುವಾರ ಸಂಜೆ ಇವರು ಕ್ಲಿನಿಕ್ಕಿನಿಂದ ಬಂದವರೇ, ಇವತ್ತು ಒಂದು ವಿಚಿತ್ರ ನಡೆಯಿತು ಎಂದು ಶುರು ಮಾಡಿದರು. ಕನ್ನಡಕದವರಿಗೆ ದವಡೆ ಹಲ್ಲು ನೋವು ಬಂದು ಮಧ್ಯಾಹ್ನ ಮೇಲೆ ಹತ್ತಿ ಬಂದಿದ್ದರಂತೆ. ಕುರ್ಚಿಯಲ್ಲಿ ಮಲಗಿಸಿ, ಇಂಜೆಕ್ಷನ್ ಕೊಟ್ಟು, ಬಾಯಿ ತೆಗೆಸಿ, ಮರಗಟ್ಟುವ ತನಕ ಇವರು ಲೋಕಾಭಿರಾಮ ಮಾತಾಡಿದರು. ಹಲ್ಲಿನ ಡಾಕ್ಟರುಗಳಿಗೆಲ್ಲ ಇರುವ ಚಟ ಇದು. ಎದುರಿನವರ ಬಾಯಿ ಕಟ್ಟಿಹಾಕಿ ಆಮೇಲೆ ಯೋಗಕ್ಷೇಮ ವಿಚಾರಿಸುವುದು.

"ನಮ್ಮಕ್ಕನಿಂದ ನಿಮಗೆ ಎರಡು ತಿಂಗಳಿಂದ ಬಹಳ ತೊಂದರೆಯಾಯ್ತು, ಕ್ಷಮಿಸಿ ಅಂದೆ," ಅಂದರು ಇವರು. "ಚಕ್ರದ ಕೆಲಸ ಮುಗೀತಾ ಬಂತು, ಇನ್ನೊಂದು ವಾರ, ಆಮೇಲೆ ನಿಮಗೆ ಬಿಡುಗಡೆ ಅಂತಲೂ ಅಂದೆ. ಅದಕ್ಕೆ ಅವರು ತಟ್ಟನೆ ಎದ್ದು ಕೂತರು ಕಣೇ. ಮರಗಟ್ಟಿದ ಬಾಯಲ್ಲೇ, ನಿಧಾನ ಮಾಡಿ ಡಾಕ್ಟ್ರೇ, ಅವಸರ ಏನಿಲ್ಲ ಅಂದರು. ನಾನಿನ್ನೂ ಹಲ್ಲಿಗೆ ಕೈಯೇ ಹಚ್ಚಿರಲಿಲ್ಲ. ಎಷ್ಟು ಪುಕ್ಕಲು ನೋಡು."

ನಾನು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದ್ದೆ. ಆಮೇಲೆ ಎಂದೆ.

"ಆಮೇಲೆ, ಹೆದರಬೇಡಿ ಅರ್ಧ ಗಂಟೆ ಕೆಲಸ ಅಂದೆ. ಅದಕ್ಕೆ ಇಲ್ಲ ಇಲ್ಲ, ಇನ್ನೊಂದೆರಡು ತಿಂಗಳಾದರೂ ಪರವಾಗಿಲ್ಲ ಅಂದರು. ಎರಡು ತಿಂಗಳು ಯಾರಾದರೂ ಬಾಯಿ ತೆಗೆದುಕೊಂಡು ಕೂರ್ತಾರಾ?"

ಹೇಳಿ ಇವರು ನನ್ನ ಮುಖ ನೋಡಿದರು. ನಾನು ಹೆಚ್ಚುವ ಮಣೆಯ ಮೇಲೆ ಕಣ್ಣಿಟ್ಟು ತುಟಿ ಕಚ್ಚಿಕೊಂಡಿದ್ದೆ. ಹೆಗಲು ಮಾತ್ರ ಅಲುಗುತ್ತಿತ್ತು. ಇವರಿಗೆ ವಿಷಯ ತಲೆಗೆ ಇಳಿಯುವುದನ್ನು ಎದುರು ನಿಂತು ನೋಡಬಹುದಿತ್ತು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಬಾಯಿ ತೆರೆಯಿತು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

ಎಷ್ಟು ದಿನದಿಂದ ಎಂದು ಕೇಳಿದರು. ಹೇಳಿದೆ. ನಿನಗೆ ಗೊತ್ತಿತ್ತಾ ಎಂದು ಕೇಳಿದರು. ಅದನ್ನೂ ಒಪ್ಪಿಕೊಂಡೆ, ಒಳಸುತ್ತಿನ ವಿಷಯವನ್ನೂ ಸೇರಿಸಿ. ಮುಖ ಇಷ್ಟುದ್ದ ಮಾಡಿಕೊಂಡು ಎದ್ದು ಶೆಡ್ಡಿಗೆ ಹೋದರು. ಹಿಂದೆ ಹೋಗುವ ಧೈರ್ಯವಾಗಲಿಲ್ಲ ನನಗೆ. ಕಿಟಕಿಯಿಂದ ಇಣುಕಿದೆ. ಒಂದು ಚಕ್ರವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸುಮಾರು ಹೊತ್ತಿನ ಮೇಲೆ ಒಳಗೆ ಬಂದು, ಅಂದರೆ ಚಕ್ರದಲ್ಲಿ ಏನೂ ಉಳಿದಿರಲಿಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದೆ. ಮೂರನೇ ವಾರದಿಂದಲೇ ಇಲ್ಲವಾ? ಆ ಎರಡನೇ ಚಕ್ರದಲ್ಲಿ ಮಾತ್ರ ಸ್ವಲ್ಪ ಇತ್ತು ಎಂದೆ. ಇವರು ತಲೆಯಾಡಿಸಿ ಸ್ನಾನಕ್ಕೆ ಹೋದರು. ಒಳಗಿನಿಂದ ಸಣ್ಣಗೆ ಸಿಳ್ಳೆ ಕೇಳಿಸಿತು.

ಭಾನುವಾರ ಅತ್ತಿಗೆ ಬಂದರು. ಮುಖ ಸಪ್ಪಗಿತ್ತು, ಹೇಳಬೇಕಾದ ಮಾತು ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ. ಅವರು ಬಾಯಿ ತೆರೆಯುವ ಮೊದಲೇ ಇವರು ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಮೊದಲನೇ ಚಕ್ರದ ಮುಂದೆ ಕೂರಿಸಿ, ಬಹಳ ಗಂಭೀರವಾಗಿ ಒಂದು ಕಡೆ ಬೆರಳಿಟ್ಟರು.

"ಇಲ್ಲಿ ನೋಡಕ್ಕಾ. ಇನ್ನೂ ಇದೆ."

ಅತ್ತಿಗೆ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಇಲ್ಲೂ ಇದೆ. ಇದನ್ನೆಲ್ಲ ಸರಿಯಾಗಿ ತೆಗೀಬೇಕು ಅಂದರೆ ಇನ್ನೂ ಎರಡು ತಿಂಗಳಾದರೂ ಬೇಕು. ಕನ್ನಡಕದವರಿಗೆ ನಾನು ಹೇಳಿದ್ದೀನಿ. ಅವರು ಪರವಾಗಿಲ್ಲ ಅಂದರು."

ಅತ್ತಿಗೆಯ ಕಿವಿ ಕೆಂಪಗಾಯಿತು. ನನ್ನ ಕಡೆ ತಿರುಗಿದರು, ನಾನು ಶೆಡ್ಡಿನ ಮಾಡು ನೋಡಿದೆ. ಸ್ವಲ್ಪ ಹೊತ್ತು ಅವರು ಚಕ್ರದ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಆಮೇಲೆ ತಮ್ಮನ ಕೈ ಎಳೆದುಕೊಂಡು, ಒಡೆದ ಬೆರಳುಗಳನ್ನು ಒಂದೊಂದಾಗಿ ನೋಡಿದರು.

"ಮೊದಲನೇ ಚಕ್ರ ಮೂರನೇ ವಾರಕ್ಕೇ ಚೆನ್ನಾಗಿತ್ತು ಕಣೋ," ಎಂದರು. "ನಾನು ಬಿಡಿಸಿದ ಯಾವ ನಕ್ಷೆಯೂ ಇಷ್ಟು ಅಚ್ಚುಕಟ್ಟಾಗಿಲ್ಲ. ಆ ಕಾಪಿ ಪುಸ್ತಕವೂ ಚೆನ್ನಾಗೇ ಇತ್ತು. ನನಗೆ ಹದಿನಾಲ್ಕು ವರ್ಷ, ನಿನ್ನನ್ನ ಹೇಗೆ ಬೆಳೆಸಬೇಕು ಅಂತ ಗೊತ್ತಿರಲಿಲ್ಲ."

ಇವರು ಏಪ್ರನ್ನಿನಿಂದ ಮೂಗು ಒರೆಸಿಕೊಂಡು, ಅದಕ್ಕೆ ಔಷಧಿಯ ವಾಸನೆ ಇದ್ದದ್ದು ಮರೆತು, ಐದು ನಿಮಿಷ ಸೀನಿದರು.

ಬರಿಯ ಅಲ್ಯುಮಿನಿಯಂ ಗಾಳಿಗೆ ಬಿಟ್ಟಷ್ಟೂ ಮಂಕಾಗುತ್ತದೆ. ಕೊನೆಯ ಸಲ ಉಜ್ಜಿ, ಒರೆಸಿ, ಕೆಲವೇ ಗಂಟೆಯೊಳಗೆ ಪ್ರೈಮರ್ ಎನ್ನುವ ತಳಬಣ್ಣ ಹೊಡೆಯಬೇಕು ಎಂದು ಟೈರ್ ಅಂಗಡಿಯಾಕೆ ಹೇಳಿಕಳಿಸಿದ್ದರು. ನಾಲ್ಕು ಚಕ್ರ, ಒಂದೇ ದಿನ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ಮೂವರೂ ಶೆಡ್ಡಿನಲ್ಲಿದ್ದೆವು. ಏಳೂ ಕಾಲಿಗೆ ವ್ಯಾನು ಬಂತು. ಕನ್ನಡಕದವರು ಇಳಿದು, ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ, ಒರೆಸೋ ಕೆಲಸ ಇದ್ದರೆ ಕೊಡಿ ಅಂದರು. ಅವರ ಜೇಬಿನಲ್ಲಿ ನೂಲು ಬಿಡದ ಬಟ್ಟೆಗಳ ಒಂದು ಕಟ್ಟೇ ಇತ್ತು. ಪ್ರೈಮರ್ ಹಚ್ಚುವ ಮೊದಲು ಧೂಳು ತೆಗೆಯಲು ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಇವರು ಉಜ್ಜಿದರು, ಕನ್ನಡಕದವರು ಒರೆಸಿದರು, ಅತ್ತಿಗೆ ಟೇಪು ಅಂಟಿಸಿ ನಟ್ಟಿನ ಗುಂಡಿ ಮುಚ್ಚಿದರು. ನಾನು ಎಲ್ಲರಿಗೂ ಕಾಫಿ ಕೊಟ್ಟು ತಪ್ಪು ಹುಡುಕಿದೆ. ಸಂಜೆಗೆ ನಾಲ್ಕೂ ಚಕ್ರ ಬೂದು ಬಣ್ಣದಲ್ಲಿ ನಿಂತಿದ್ದವು. ಎರಡು ದಿನ ಬಿಟ್ಟು ಬೆಳ್ಳಿ, ಅದರ ಮೇಲೆ ಹೊಸ ಕ್ಲಿಯರ್ ಕೋಟ್.

ಕಾರು ನೆಲಕ್ಕಿಳಿದ ದಿನ ಅತ್ತಿಗೆಗೂ ಕನ್ನಡಕದವರಿಗೂ ಯಾವ ನೆಪವೂ ಉಳಿಯಲಿಲ್ಲ. ಒಂದು ವಾರ ಇಬ್ಬರೂ ಅವರವರ ಗಾಡಿಯಲ್ಲಿ, ಒಬ್ಬರ ಹಿಂದೆ ಒಬ್ಬರು, ಒಂದೇ ದಾರಿಯಲ್ಲಿ ಒಂದೇ ಹೊತ್ತಿಗೆ ಹೋದರಂತೆ. ಎರಡನೇ ವಾರ ಅತ್ತಿಗೆಯೇ ಸಿಗ್ನಲ್ಲಿನಲ್ಲಿ ಕಿಟಕಿ ಇಳಿಸಿ, ಇದು ಸರಿಯಲ್ಲ, ಬನ್ನಿ ಕೂತ್ಕೊಳ್ಳಿ, ಎಂದರು. ವ್ಯಾನನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ ಅವರು ಬಂದು ಕೂತರು. ಡಬ್ಬಗಳು ಅವತ್ತು ಅಂಗಡಿ ತಲುಪಲಿಲ್ಲ.

ಅದಾಗಿ ಐದು ತಿಂಗಳಿಗೆ ಅವರು ಮದುವೆಯಾದರು. ರಿಜಿಸ್ಟ್ರಾರ್ ಕಚೇರಿಯಲ್ಲಿ, ಊಟದ ವಿರಾಮದಲ್ಲಿ. ಸಾಕ್ಷಿ ಹಾಕಲು ಕರೆದಾಗ ಇವರು ಪೆನ್ನು ಹಿಡಿದು ಅಕ್ಕನ ಮುಖ ನೋಡಿ, ಆಮೇಲೆ ನಿಧಾನವಾಗಿ, ದುಂಡಗೆ ಸಹಿ ಹಾಕಿದರು. ಅಕ್ಕ ಅದರ ಬಗ್ಗೆ ಏನೂ ಅನ್ನಲಿಲ್ಲ.

ಮರುದಿನ ಇಬ್ಬರೂ ಕಾರಿನಲ್ಲಿ ಹೊರಟರು. ಇಪ್ಪತ್ತೆರಡು ವರ್ಷ ಅತ್ತಿಗೆ ಕಾಗದದ ಮೇಲೆ ಅಂಚು ತಿದ್ದುತ್ತಾ ಬಂದಿದ್ದ ಒಂದು ದೊಡ್ಡ ಕೆರೆ ಇದೆ, ಕಣ್ಣಾರೆ ಒಮ್ಮೆಯೂ ನೋಡಿರಲಿಲ್ಲ. ಸಂಜೆ ಅಲ್ಲಿಂದ ಫೋನ್ ಮಾಡಿದರು. ಪಡುವಣ ಮೂಲೆಯಲ್ಲಿ ನಾನು ಎಳೆದ ಗೆರೆ ಸ್ವಲ್ಪ ತಪ್ಪಿದೆ, ನೀರು ಅಲ್ಲಿ ಇನ್ನೂ ಒಳಗೆ ಬರುತ್ತೆ, ಇವರೂ ನೋಡಿ ಹೌದು ಅಂದರು ಎಂದು ನನಗೆ ಹೇಳಿದರು. ಅವರ ಬಾಯಲ್ಲಿ "ಇವರು" ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

ನಮ್ಮ ಮನೆಯವರು ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಚಕ್ರ ಹೇಗಿದೆ ಅಕ್ಕಾ ಎಂದು ಕೇಳಿದರು. ಆ ಕಡೆಯಿಂದ ಏನು ಬಂತೋ, ಇವರ ಮುಖ ಬಾಡಿತು. ಫೋನ್ ಇಟ್ಟು ಸೋಫಾದ ಮೇಲೆ ಕೂತರು.

"ಕೆರೆ ಅಂಚಿನವರೆಗೂ ಇಳಿಸಿದ್ದಾಳಂತೆ," ಎಂದರು. "ಚಕ್ರ ಕಾಣ್ತಾನೇ ಇಲ್ಲ, ಬರೀ ಕೆಸರು, ಆದರೆ ಬಹಳ ಚೆನ್ನಾಗಿದೆ ಕಣೋ ಅಂತಾಳೆ."